ಮುದ್ದೆ ನುಂಗಿದ ಮೇಲೆ ಏನಾಗುತ್ತದೆ?

ತುತ್ತು ಎಲ್ಲೆಲ್ಲಿ ತಂಗುತ್ತದೆ, ಎಷ್ಟು ಹೊತ್ತು ತಂಗುತ್ತದೆ, ನಾವು ಎಲ್ಲಿ ನೆರವಾಗಬಹುದು: ಶಿರಂಗಾಲ ಸೀಮೆಯ ಒಂದು ಮಧ್ಯಾಹ್ನದ ಊಟದ ಬೆನ್ನು ಹತ್ತಿ

ಕಾವೇರಿ ಕೊಡಗನ್ನು ಬಿಟ್ಟು ಹಾಸನ ಜಿಲ್ಲೆಯ ಕಡೆ ಹರಿಯುವ ಅಂಚಿನಲ್ಲಿ ಶಿರಂಗಾಲವಿದೆ. ಇಲ್ಲಿಂದ ಮಡಿಕೇರಿ ಕಡೆಗೆ ಹೋದರೆ ಅಕ್ಕಿರೊಟ್ಟಿ, ಕಡುಬು, ಕಣಿಲೆ (ಎಳೆಬಿದಿರು) ಪಲ್ಯ, ಹಂದಿಮಾಂಸದ ಸಾರು. ಕೊಣನೂರು, ಅರಕಲಗೂಡಿನ ಕಡೆಗೆ ಹೋದರೆ ರಾಗಿಮುದ್ದೆ, ಹುರುಳಿಕಾಳಿನ ಸಾರು, ಬಸ್ಸಾರು. ಎರಡೂ ಸೀಮೆಯ ರುಚಿ ಕೂಡುವ ಊರು ಇದು. ಹಾರಂಗಿ ನಾಲೆಯ ನೀರು ಕಾಣುವ ಈ ಭಾಗದ ಹೊಲಗದ್ದೆಗಳಲ್ಲಿ ಭತ್ತ, ಮುಸುಕಿನ ಜೋಳ, ಶುಂಠಿ ಬೆಳೆಯುತ್ತಾರೆ. ಮೈಮುರಿದು ದುಡಿಯುವವರ ಊಟ ಇಲ್ಲಿನದು. ಹೊಟ್ಟೆ ತುಂಬ ಉಣ್ಣುತ್ತಾರೆ, ಹೊತ್ತು ತಪ್ಪಿಯೂ ಉಣ್ಣುತ್ತಾರೆ.

ಹೊಟ್ಟೆಯ ದೂರುಗಳು ಮಾತ್ರ ಎಲ್ಲ ಊರಿನವೇ. ‘ಗ್ಯಾಸ್ಟ್ರಿಕ್ ಆಗಿದೆ’, ‘ಉಬ್ಬರಿಸ್ತಿದೆ’, ‘ಎದೆ ಉರಿ’, ‘ಬೆಳಿಗ್ಗೆ ಸರಿಯಾಗಿ ಆಗಲಿಲ್ಲ’. ಎಲ್ಲಕ್ಕೂ ಮೆಡಿಕಲ್ ಶಾಪಿನ ಒಂದೇ ಮಾತ್ರೆ. ಉಂಡದ್ದು ಯಾವ ಹೊತ್ತಿಗೆ ಎಲ್ಲಿರುತ್ತದೆ ಎಂದು ತಿಳಿದರೆ, ಈ ದೂರುಗಳಲ್ಲಿ ಯಾವುದು ಎಲ್ಲಿ ಹುಟ್ಟುತ್ತದೆ, ಯಾವುದಕ್ಕೆ ಮನೆಯ ಮದ್ದು ಸಾಕು, ಯಾವುದಕ್ಕೆ ವೈದ್ಯರೇ ಬೇಕು ಎಂದು ವಿಂಗಡಿಸಿಕೊಳ್ಳಬಹುದು.

ಮೊದಲೇ ಒಂದು ಮಾತನ್ನು ಮನಸ್ಸಿಗೆ ತಂದುಕೊಳ್ಳಿ. ಬಾಯಿಂದ ಗುದದ್ವಾರದವರೆಗಿನ ಈ ಉದ್ದದ ಹಾದಿಯಲ್ಲಿ ನಮ್ಮ ಮಾತು ಕೇಳುವುದು ಎರಡು ತುದಿಗಳು ಮಾತ್ರ. ಅಗಿಯುವುದು, ನುಂಗುವುದು ನಮ್ಮ ಇಚ್ಛೆ. ಕೊನೆಯಲ್ಲಿ ಶೌಚಕ್ಕೆ ಹೋಗುವುದು, ತಡೆಹಿಡಿಯುವುದು ನಮ್ಮ ಇಚ್ಛೆ. ನಡುವಿನದೆಲ್ಲ ಕರುಳಿನ ಸ್ವಂತ ನರಜಾಲ ನಡೆಸುವ ಕೆಲಸ. ಅವಸರಪಡಿಸಿದರೆ ಅದು ಓಡುವುದಿಲ್ಲ. ಹಾಗಾಗಿ ಹೊಟ್ಟೆಯ ಆರೋಗ್ಯಕ್ಕೆ ನಾವು ಮಾಡಬಹುದಾದ ಕೆಲಸದ ಬಹುಪಾಲು ಈ ಎರಡು ತುದಿಗಳಲ್ಲೇ ಇದೆ. ಆ ಎರಡನ್ನೇ ನಾವು ಹೆಚ್ಚು ಅಲಕ್ಷ್ಯ ಮಾಡುತ್ತೇವೆ.

ಒಂದು ಊಟವನ್ನೇ ಹಿಡಿದು ಹೊರಡೋಣ. ಮಧ್ಯಾಹ್ನ ಒಂದು ಗಂಟೆ. ತಟ್ಟೆಯಲ್ಲಿ ಮುದ್ದೆ, ಹುರುಳಿಕಾಳಿನ ಸಾರು, ಸೊಪ್ಪಿನ ಪಲ್ಯ, ಒಂದಿಷ್ಟು ಅನ್ನ, ಮಜ್ಜಿಗೆ.

ಉಣ್ಣುವ ಮೊದಲೇ ಶುರು

ಒಗ್ಗರಣೆಯ ಬೆಳ್ಳುಳ್ಳಿ ಘಮಕ್ಕೆ ಬಾಯಲ್ಲಿ ನೀರೂರುತ್ತದೆ. ಅದೇ ಗಳಿಗೆಯಲ್ಲಿ ಜಠರದಲ್ಲೂ ಆಮ್ಲ ಒಸರತೊಡಗುತ್ತದೆ. ರಷ್ಯಾದ ಇವಾನ್ ಪಾವ್ಲೋವ್ ಇದನ್ನು ನಾಯಿಗಳ ಮೇಲಿನ ಪ್ರಯೋಗಗಳಲ್ಲಿ ತೋರಿಸಿದರು. ಜೀರ್ಣಕ್ರಿಯೆಯ ಆ ಅಧ್ಯಯನಕ್ಕೆ 1904ರಲ್ಲಿ ನೊಬೆಲ್ ಬಂತು. ಕಣ್ಣು, ಮೂಗು, ಮನಸ್ಸು ಊಟದ ಕಡೆ ಇದ್ದರೆ ಜಠರಕ್ಕೆ ಮುನ್ಸೂಚನೆ ಸಿಗುತ್ತದೆ. ಮೊಬೈಲ್ ನೋಡುತ್ತಾ ಉಣ್ಣುವವರಿಗೆ ಎಷ್ಟು ಉಂಡೆವೆಂಬುದೇ ತಿಳಿಯುವುದಿಲ್ಲ. ಹೊಟ್ಟೆ ತುಂಬಿತೆಂಬ ಸಂದೇಶ ಮಿದುಳಿಗೆ ಮುಟ್ಟಲು ಸುಮಾರು 20 ನಿಮಿಷ ಬೇಕು. ಐದೇ ನಿಮಿಷದಲ್ಲಿ ಉಂಡು ಏಳುವವರು ಆ ಸಂದೇಶ ಬರುವ ಮೊದಲೇ ಹೆಚ್ಚು ಉಂಡಿರುತ್ತಾರೆ.

ಮಧ್ಯಾಹ್ನ 1 ಗಂಟೆ: ಬಾಯಿ

ದಿನಕ್ಕೆ ಒಂದರಿಂದ ಒಂದೂವರೆ ಲೀಟರ್ ಜೊಲ್ಲು ನಮ್ಮ ಬಾಯಲ್ಲಿ ಊರುತ್ತದೆ. ಅದರಲ್ಲಿರುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಸಕ್ಕರೆಯಾಗಿ ಒಡೆಯಲು ತೊಡಗುತ್ತದೆ. ಬರೀ ಅನ್ನದ ಒಂದು ತುತ್ತನ್ನು ನಿಧಾನವಾಗಿ ಅಗಿದು ನೋಡಿ. ಸ್ವಲ್ಪ ಹೊತ್ತಿಗೆ ಸಿಹಿ ತಿಳಿಯುತ್ತದೆ.

ಮುದ್ದೆಯದು ಬೇರೆ ಕಥೆ. ಅದನ್ನು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಹಾಗೆ ಮಾಡಿದರೆ ಜೀರ್ಣವಾಗುವುದಿಲ್ಲವೇ ಎಂದು ಹೊರಗಿನಿಂದ ಬಂದವರು ಕೇಳುವುದುಂಟು. ಆಗುತ್ತದೆ. ರಾಗಿ ಮೊದಲೇ ಹಿಟ್ಟಾಗಿದೆ, ಚೆನ್ನಾಗಿ ಬೆಂದಿದೆ, ನೀರು ಹೀರಿಕೊಂಡು ಮೆತ್ತಗಾಗಿದೆ. ಹಲ್ಲು ಮಾಡಬೇಕಾದ ಕೆಲಸವನ್ನು ಬೀಸುವ ಕಲ್ಲು ಮತ್ತು ಒಲೆ ಮಾಡಿ ಮುಗಿಸಿವೆ. ಪಿಷ್ಟ ಒಡೆಯುವ ಮುಖ್ಯ ಕೆಲಸ ಮುಂದೆ ಸಣ್ಣ ಕರುಳಿನಲ್ಲಿ ಮೇದೋಜೀರಕ ಗ್ರಂಥಿಯ ರಸದಿಂದ ನಡೆಯುತ್ತದೆ. ಆದರೆ ಈ ರಿಯಾಯಿತಿ ಮುದ್ದೆಗೆ ಮಾತ್ರ. ಅದೇ ಭರದಲ್ಲಿ ಹುರುಳಿಕಾಳು, ಸೊಪ್ಪಿನ ದಂಟು, ಮಾಂಸದ ತುಂಡು, ಕಡಲೆಬೀಜಗಳನ್ನೂ ನುಂಗಿಬಿಟ್ಟರೆ ಅಗಿಯುವ ಕೆಲಸ ಮುಂದೆ ಯಾರೂ ಮಾಡುವುದಿಲ್ಲ. ಜಠರಕ್ಕೆ ಹಲ್ಲಿಲ್ಲ.

ನೆನಪಿಡಬೇಕಾದದ್ದು:

• ಮುದ್ದೆಯ ತುತ್ತು ಚಿಕ್ಕದಿರಲಿ, ಸಾರು ಧಾರಾಳವಾಗಿರಲಿ. ಪಾರ್ಶ್ವವಾಯು ಆದವರಿಗೆ, ನುಂಗಲು ಕಷ್ಟಪಡುವ ಹಿರಿಯರಿಗೆ, ಚಿಕ್ಕ ಮಕ್ಕಳಿಗೆ ಗಟ್ಟಿ ಮುದ್ದೆ ಬೇಡ. ಯಾವ ಹದ ಸರಿಯೆಂದು ವೈದ್ಯರನ್ನು ಕೇಳಿ, ಮಲಗಿಸಿ ಉಣಿಸಬೇಡಿ.

• ತುತ್ತು ಗಂಟಲಿಗೆ ಸಿಕ್ಕಿಕೊಂಡವರು ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ, ನೀರು ಕುಡಿಸಬೇಡಿ. ಮಾತೂ ಕೆಮ್ಮೂ ನಿಂತುಹೋದರೆ ಮುಂದಕ್ಕೆ ಬಾಗಿಸಿ ಎರಡು ಹೆಗಲೆಲುಬುಗಳ ನಡುವೆ ಅಂಗೈಯ ಬುಡದಿಂದ 5 ಬಾರಿ ಬಲವಾಗಿ ಗುದ್ದಿ. ಆಗಲೂ ಬರದಿದ್ದರೆ ಹಿಂದಿನಿಂದ ತಬ್ಬಿ, ಹೊಕ್ಕುಳಿಗಿಂತ ತುಸು ಮೇಲೆ ಮುಷ್ಟಿಯಿಟ್ಟು ಒಳಕ್ಕೂ ಮೇಲಕ್ಕೂ 5 ಬಾರಿ ಒತ್ತಿ. ತುತ್ತು ಹೊರಬರುವವರೆಗೆ ಎರಡನ್ನೂ ಸರದಿಯಂತೆ ಮಾಡಿ, ಇನ್ನೊಬ್ಬರಿಂದ 108ಕ್ಕೆ ಕರೆ ಮಾಡಿಸಿ. ವರ್ಷ ತುಂಬದ ಕೂಸುಗಳಿಗೆ, ಗರ್ಭಿಣಿಯರಿಗೆ ಹೊಟ್ಟೆ ಒತ್ತಬಾರದು.

• ಊಟದ ಮೇಲಿನ ಎಲೆಅಡಿಕೆ ಜೀರ್ಣಕ್ಕೆಂಬ ನಂಬಿಕೆಯಿದೆ. ಅಡಿಕೆಯನ್ನೇ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ವರ್ಗೀಕರಿಸಿದೆ. ಹೊಗೆಸೊಪ್ಪು ಸೇರಿದರೆ ಅಪಾಯ ಇನ್ನೂ ಹೆಚ್ಚು. ಬಾಯಲ್ಲಿ ಮೂರು ವಾರಕ್ಕೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ ತೋರಿಸಲೇಬೇಕು.

ಹತ್ತು ಸೆಕೆಂಡ್: ಅನ್ನನಾಳ

ನುಂಗಿದ ಕ್ಷಣದಲ್ಲಿ ಶ್ವಾಸನಾಳದ ಬಾಯಿ ಮುಚ್ಚಿಕೊಳ್ಳುತ್ತದೆ, ತುತ್ತು ಅನ್ನನಾಳಕ್ಕೆ ಇಳಿಯುತ್ತದೆ. ಸುಮಾರು 25 ಸೆಂಟಿಮೀಟರ್ ಉದ್ದದ ಈ ನಾಳ ತುತ್ತಿನ ಹಿಂದೆ ಹಿಂಡಿ, ಮುಂದೆ ಸಡಿಲವಾಗಿ, ಅದನ್ನು ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಜಠರಕ್ಕೆ ತಳ್ಳುತ್ತದೆ. ತಲೆಕೆಳಗಾಗಿ ನಿಂತರೂ ಈ ಕೆಲಸ ನಡೆಯುತ್ತದೆ.

ಅನ್ನನಾಳದ ತಳದಲ್ಲಿ ಒಂದು ಬಿಗಿ ಸ್ನಾಯುವಿದೆ. ಜಠರದ ಆಮ್ಲ ಮೇಲೇರದಂತೆ ಅದು ತಡೆಯುತ್ತದೆ. ಅದು ಸಡಿಲವಾದರೆ, ಇಲ್ಲವೇ ಜಠರ ತೀರಾ ತುಂಬಿ ಒತ್ತಡ ಹೆಚ್ಚಿದರೆ ಆಮ್ಲ ಮೇಲೆ ಬಂದು ಎದೆಯುರಿ, ಹುಳಿತೇಗು ಕಾಣಿಸುತ್ತವೆ. ಬೀಡಿ, ಮದ್ಯ, ಎಣ್ಣೆ ಹೆಚ್ಚಿದ ಅಡುಗೆ, ಕೆಲವರಿಗೆ ಕಾಫಿ, ಇವೆಲ್ಲ ಈ ಸ್ನಾಯುವನ್ನು ಸಡಿಲಿಸುತ್ತವೆ. ಬೊಜ್ಜು ಮತ್ತು ಗರ್ಭ ಹೊಟ್ಟೆಯ ಒತ್ತಡ ಏರಿಸುತ್ತವೆ.

ಎದೆಯುರಿ ಆಗಾಗ ಬರುವವರು ರಾತ್ರಿಯೂಟ ಮತ್ತು ಮಲಗುವ ಹೊತ್ತಿನ ನಡುವೆ ಎರಡರಿಂದ ಮೂರು ಗಂಟೆ ಬಿಡಿ. ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ 15 ಸೆಂಟಿಮೀಟರ್ ಎತ್ತರದ ಮರದ ತುಂಡು ಇಡಿ. ದಿಂಬು ಪೇರಿಸಿದರೆ ಕತ್ತು ಮಾತ್ರ ಬಾಗುತ್ತದೆ, ಪ್ರಯೋಜನವಿಲ್ಲ. ಎಡಮಗ್ಗುಲಿಗೆ ಮಲಗಿ. ಮಳೆಗಾಲದ ಚಳಿಗೆ ಹಬೆಯಾಡುವ ಕಾಫಿಯನ್ನು ಹಾಗೇ ಗಂಟಲಿಗೆ ಸುರಿದುಕೊಳ್ಳಬೇಡಿ. 65 ಡಿಗ್ರಿ ಸೆಲ್ಸಿಯಸ್ ಮೀರಿದ ಪಾನೀಯಗಳು ಅನ್ನನಾಳದ ಕ್ಯಾನ್ಸರ್‌ಗೆ ಬಹುಶಃ ಕಾರಣವೆಂದು ಅದೇ ಸಂಶೋಧನಾ ಸಂಸ್ಥೆ 2016ರಲ್ಲಿ ಹೇಳಿದೆ. ಕೆಲವು ನಿಮಿಷ ಆರಲು ಬಿಟ್ಟರೆ ಸಾಕು.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಎದೆಯ ನಡುವೆ ಹಿಂಡಿದಂಥ ನೋವು, ಭಾರ, ಜತೆಗೆ ಬೆವರು, ಉಸಿರಾಟದ ಕಷ್ಟ, ಎಡಗೈಗೋ ದವಡೆಗೋ ಹರಡುವ ನೋವು ಇದ್ದರೆ ಅದನ್ನು ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿಸಿ ಮಲಗಿಸಬೇಡಿ. ಅದು ಹೃದಯಾಘಾತವಿರಬಹುದು. ಕೂಡಲೇ 108ಕ್ಕೆ ಕರೆ ಮಾಡಿ, ಇಸಿಜಿ ತೆಗೆಯುವ ಆಸ್ಪತ್ರೆಗೆ ಹೋಗಿ. ಆಸ್ಪತ್ರೆಗೆ ದೂರ ಹೋಗಬೇಕಾದ ಊರುಗಳಲ್ಲಿ ಈ ಒಂದು ತಪ್ಪು ಎಣಿಕೆಗೆ ಜೀವವೇ ಬೆಲೆ.

1ರಿಂದ 5 ಗಂಟೆ: ಜಠರ

ಜಠರದಲ್ಲಿ ದಿನಕ್ಕೆ ಸುಮಾರು ಎರಡು ಲೀಟರ್ ರಸ ಒಸರುತ್ತದೆ. ಅದರಲ್ಲಿರುವ ಹೈಡ್ರೊಕ್ಲೋರಿಕ್ ಆಮ್ಲ ಊಟದ ಜತೆ ಬಂದ ರೋಗಾಣುಗಳಲ್ಲಿ ಹೆಚ್ಚಿನವನ್ನು ಕೊಲ್ಲುತ್ತದೆ. ಪೆಪ್ಸಿನ್ ಎಂಬ ಕಿಣ್ವ ಹುರುಳಿಯ, ಮಾಂಸದ ಪ್ರೊಟೀನನ್ನು ಕತ್ತರಿಸತೊಡಗುತ್ತದೆ. ಜಠರದ ಗೋಡೆಯನ್ನು ದಪ್ಪ ಲೋಳೆಯ ಪದರ ಕಾಯುತ್ತದೆ. ಸ್ನಾಯುಗಳು ಕಲಸಿ ಕಲಸಿ ಎಲ್ಲವನ್ನೂ ಗಂಜಿಯ ಹದಕ್ಕೆ ತರುತ್ತವೆ.

ಜಠರದೊಳಗೆ ನಡೆಯುವುದನ್ನು ಮನುಷ್ಯ ಮೊದಲು ದೀರ್ಘಕಾಲ ಕಣ್ಣಾರೆ ಕಂಡದ್ದು ಒಂದು ಗುಂಡೇಟಿನಿಂದ. 1822ರಲ್ಲಿ ಅಮೆರಿಕದ ಮ್ಯಾಕಿನಾ ದ್ವೀಪದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಕೂಲಿಗೆ ಕೋವಿಯ ಗುಂಡು ತಗುಲಿತು. ಆತ ಬದುಕಿದ, ಆದರೆ ಹೊಟ್ಟೆಯ ತೂತು ಮುಚ್ಚಲಿಲ್ಲ. ಚಿಕಿತ್ಸೆ ಕೊಟ್ಟ ಸೇನಾ ವೈದ್ಯ ವಿಲಿಯಂ ಬೋಮಂಟ್ ಆ ತೂತಿನಿಂದ ಮಾಂಸ, ರೊಟ್ಟಿ, ತರಕಾರಿಯ ತುಣುಕುಗಳನ್ನು ದಾರಕ್ಕೆ ಕಟ್ಟಿ ಇಳಿಬಿಟ್ಟು, ಯಾವುದು ಎಷ್ಟು ಹೊತ್ತಿಗೆ ಕರಗುತ್ತದೆಂದು ವರ್ಷಗಟ್ಟಲೆ ಬರೆದಿಟ್ಟು 1833ರಲ್ಲಿ ಪುಸ್ತಕ ತಂದ. ಜೀರ್ಣಕ್ರಿಯೆ ಬರೀ ಅರೆಯುವುದಲ್ಲ, ರಾಸಾಯನಿಕ ಕ್ರಿಯೆ ಎಂಬುದು ಅದರಿಂದ ಗಟ್ಟಿಯಾಯಿತು. ಸಿಟ್ಟು ಬಂದಾಗ ಜಠರದ ಕೆಲಸ ಏರುಪೇರಾಗುವುದನ್ನೂ ಬೋಮಂಟ್ ಗಮನಿಸಿದ್ದ. ಉಣ್ಣುವ ಹೊತ್ತಿನಲ್ಲಿ ಜಗಳ ಬೇಡವೆಂದು ಹಿರಿಯರು ಹೇಳುವುದರಲ್ಲಿ ಹುರುಳಿದೆ.

ಜಠರದ ತುದಿಯ ದ್ವಾರ ನಾಲೆಯ ತೂಬಿನಂತೆ. ತುಂಬಿದ ನಾಲೆಯ ನೀರನ್ನೆಲ್ಲ ಒಮ್ಮೆಲೇ ಗದ್ದೆಗೆ ಬಿಟ್ಟರೆ ಬದು ಒಡೆಯುತ್ತದೆ. ಆದ್ದರಿಂದ ಅದು ಸ್ವಲ್ಪಸ್ವಲ್ಪವೇ ತೆರೆದು, ಕೆಳಗಿನ ಸಣ್ಣ ಕರುಳು ತಾಳಿಕೊಳ್ಳುವಷ್ಟನ್ನೇ ಬಿಡುತ್ತದೆ. ನೀರು ಬೇಗ ಇಳಿದುಹೋಗುತ್ತದೆ. ಮುದ್ದೆ, ಅನ್ನದಂಥ ಗಟ್ಟಿ ಊಟ ಪೂರ್ತಿ ಇಳಿಯಲು ಎರಡರಿಂದ ನಾಲ್ಕು ಗಂಟೆ. ಕೊಬ್ಬು ಎಲ್ಲಕ್ಕಿಂತ ನಿಧಾನ, ಏಕೆಂದರೆ ಕೊಬ್ಬು ಸಣ್ಣ ಕರುಳು ಮುಟ್ಟಿದೊಡನೆ ದ್ವಾರ ಬಿಗಿಯಾಗಲಿ ಎಂಬ ಸೂಚನೆ ಹಿಂತಿರುಗುತ್ತದೆ. ಹಬ್ಬದ ದಿನ ಹಂದಿಮಾಂಸ ಗಡದ್ದಾಗಿ ಉಂಡವರಿಗೆ ಸಂಜೆಯವರೆಗೂ ಹೊಟ್ಟೆ ಭಾರ ಇಳಿಯದಿರುವುದು ಇದರಿಂದ. ಆ ಭಾರಕ್ಕೆ ಮಾತ್ರೆ ಬೇಕಿಲ್ಲ. ಹದವಾಗಿ ನಡೆದಾಡಿ, ಮುಂದಿನ ಊಟವನ್ನು ಹಗುರ ಮಾಡಿ. ಈ ಸೀಮೆ ಧಾರಾಳವಾಗಿ ಬೆಳೆಯುವ ಶುಂಠಿ ಇಲ್ಲಿ ನಿಜಕ್ಕೂ ನೆರವಿಗೆ ಬರುತ್ತದೆ: ಅದು ಜಠರ ಬೇಗ ಖಾಲಿಯಾಗಲು ಸಹಾಯ ಮಾಡುತ್ತದೆ, ವಾಕರಿಕೆ ತಗ್ಗಿಸುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಶುಂಠಿಯನ್ನು ಅಡುಗೆಯ ಅಳತೆ ಮೀರಿ ಬಳಸಬಾರದು.

ಇನ್ನು ಹುಣ್ಣಿನ ವಿಚಾರ. ಜಠರದ ಹುಣ್ಣಿಗೆ ಖಾರ, ಚಿಂತೆಗಳೇ ಕಾರಣವೆಂದು ಬಹಳ ಕಾಲ ನಂಬಲಾಗಿತ್ತು. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಹೆಲಿಕೋಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯಾವನ್ನು ಹಿಡಿದು ತೋರಿಸಿದರು. ಯಾರೂ ಒಪ್ಪದಿದ್ದಾಗ ಮಾರ್ಷಲ್ 1984ರಲ್ಲಿ ಆ ಬ್ಯಾಕ್ಟೀರಿಯಾವನ್ನು ತಾವೇ ಕುಡಿದು ಜಠರದ ಉರಿಯೂತ ಬರಿಸಿಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಹುಣ್ಣಿಗೆ ಇನ್ನೊಂದು ದೊಡ್ಡ ಕಾರಣ ನೋವಿನ ಮಾತ್ರೆಗಳು. ಸೊಂಟನೋವು, ಮಂಡಿನೋವಿಗೆಂದು ದಿನವೂ ಡೈಕ್ಲೊಫೆನಾಕ್, ಐಬುಪ್ರೊಫೆನ್ ನುಂಗುವವರ ಜಠರದ ಲೋಳೆಪದರ ಸವೆಯುತ್ತದೆ. ಖಾಲಿ ಹೊಟ್ಟೆಗೆ ತೆಗೆದುಕೊಳ್ಳಬೇಡಿ, ವೈದ್ಯರನ್ನು ಕೇಳದೆ ದಿನಗಟ್ಟಲೆ ಮುಂದುವರಿಸಬೇಡಿ. ಎರಡು ವಾರ ಮೀರಿದರೂ ಹೊಟ್ಟೆಯುರಿ ನಿಲ್ಲದಿದ್ದರೆ ಮಾತ್ರೆ ಬದಲಿಸುವುದಲ್ಲ, ತಪಾಸಣೆ ಮಾಡಿಸುವುದು ದಾರಿ. ಬ್ಯಾಕ್ಟೀರಿಯಾ ಇದ್ದರೆ ಸುಮಾರು 14 ದಿನಗಳ ಔಷಧದಿಂದ ಅದನ್ನು ತೊಲಗಿಸಬಹುದು.

ಮಧ್ಯಾಹ್ನ 3ರಿಂದ ರಾತ್ರಿ 9: ಸಣ್ಣ ಕರುಳು

ಹೆಸರಿಗೆ ಸಣ್ಣ, ಉದ್ದ ಸುಮಾರು ಆರು ಮೀಟರ್. ಊಟ ನಿಜವಾಗಿ ದೇಹದ್ದಾಗುವುದು ಇಲ್ಲೇ. ಮೊದಲ ತಿರುವಿನಲ್ಲೇ ಯಕೃತ್ತು ತಯಾರಿಸಿ ಪಿತ್ತಕೋಶದಲ್ಲಿ ಕೂಡಿಟ್ಟ ಪಿತ್ತರಸ ಬಂದು ಕೊಬ್ಬನ್ನು ಸಣ್ಣ ಹನಿಗಳಾಗಿ ಒಡೆಯುತ್ತದೆ. ಮೇದೋಜೀರಕ ಗ್ರಂಥಿಯ ರಸ ಆಮ್ಲದ ಉರಿ ಆರಿಸಿ ಪಿಷ್ಟ, ಪ್ರೊಟೀನ್, ಕೊಬ್ಬು ಮೂರನ್ನೂ ಕತ್ತರಿಸುತ್ತದೆ. ಕರುಳಿನ ಒಳಗೋಡೆಯ ತುಂಬ ಕಣ್ಣಿಗೆ ಕಾಣದಷ್ಟು ಚಿಕ್ಕ ಬೆರಳಿನಾಕಾರದ ರಚನೆಗಳು. ಅವುಗಳಿಂದಾಗಿ ಹೀರಿಕೊಳ್ಳುವ ಮೈ ಸುಮಾರು 30 ಚದರ ಮೀಟರಿಗೆ ಹಿಗ್ಗುತ್ತದೆ. ಮೂರರಿಂದ ಆರು ಗಂಟೆಯಲ್ಲಿ ಮುದ್ದೆಯ ಪಿಷ್ಟ ಗ್ಲೂಕೋಸಾಗಿ, ಹುರುಳಿಯ ಪ್ರೊಟೀನ್ ಅಮೈನೋ ಆಮ್ಲಗಳಾಗಿ ರಕ್ತಕ್ಕೆ ಸೇರಿ, ಮೊದಲು ಯಕೃತ್ತಿಗೆ ಹೋಗುತ್ತವೆ.

ಹೀರಿಕೊಳ್ಳುವಿಕೆ ನಿಜವೆಂಬುದಕ್ಕೆ ಕೊಡಗಿನಲ್ಲಿ ಪ್ರತಿ ಮಳೆಗಾಲವೂ ಒಂದು ಸಾಕ್ಷಿ ಸಿಗುತ್ತದೆ. ಕಕ್ಕಡ ತಿಂಗಳ 18ನೇ ದಿನ, ಆಗಸ್ಟ್ ಆರಂಭದಲ್ಲಿ, ಮದ್ದುಸೊಪ್ಪಿನ ಪಾಯಸ ಮಾಡುತ್ತಾರೆ. ಆಟಿಸೊಪ್ಪು ಎಂದೂ ಇದನ್ನು ಕರೆಯುತ್ತಾರೆ. ಸೊಪ್ಪು ಬೇಯಿಸಿದ ನೀರು ಕಡುನೇರಳೆ. ಅದನ್ನುಂಡವರ ಮೂತ್ರ ಮುಂದೆ ಕೆಂಪಾಗಿ ಹೋಗುತ್ತದೆ. ಸೊಪ್ಪಿನ ಬಣ್ಣ ಕರುಳಿನ ಗೋಡೆ ದಾಟಿ, ರಕ್ತದಲ್ಲಿ ಸುತ್ತಿ, ಮೂತ್ರಪಿಂಡದಲ್ಲಿ ಸೋಸಿ ಹೊರಬಂದ ಗುರುತು ಅದು. ಮಕ್ಕಳಿಗೆ ಜೀರ್ಣಕ್ರಿಯೆ ಕಲಿಸಲು ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಬೇರೆ ದಿನಗಳಲ್ಲಿ, ಮದ್ದುಸೊಪ್ಪನ್ನೋ ಬೀಟ್‌ರೂಟನ್ನೋ ತಿನ್ನದೆ ಮೂತ್ರ ಕೆಂಪಾದರೆ ಮಾತ್ರ ವೈದ್ಯರಿಗೆ ತೋರಿಸಬೇಕು.

ಸಣ್ಣ ಕರುಳಿಗೆ ನೆರವಾಗುವ ಮೂರು ಸಂಗತಿ:

• ಊಟದ ಬೆನ್ನಿಗೇ ಕಾಫಿ, ಟೀ ಬೇಡ. ಅವುಗಳಲ್ಲಿನ ಟ್ಯಾನಿನ್‌ನಂಥ ಅಂಶಗಳು ಸೊಪ್ಪು, ಕಾಳಿನ ಕಬ್ಬಿಣವನ್ನು ಹಿಡಿದಿಟ್ಟು ಹೀರಿಕೊಳ್ಳಲು ಬಿಡುವುದಿಲ್ಲ. ಕನಿಷ್ಠ ಒಂದು ಗಂಟೆ ಬಿಡಿ. ಸೊಪ್ಪಿನ ಪಲ್ಯಕ್ಕೆ ನಿಂಬೆಹುಳಿ ಹಿಂಡಿದರೆ ಅದೇ ಕಬ್ಬಿಣ ಹೆಚ್ಚು ಒಳಸೇರುತ್ತದೆ. ರಕ್ತಹೀನತೆ ಇರುವ ಹೆಣ್ಣುಮಕ್ಕಳಿಗೆ ಈ ಸಣ್ಣ ಬದಲಾವಣೆ ದೊಡ್ಡ ಲಾಭ.

• ರಾಗಿಯಲ್ಲಿ ನೂರು ಗ್ರಾಮಿಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ನಾರೂ ಚೆನ್ನಾಗಿದೆ. ಹಾಗೆಂದು ಸಕ್ಕರೆ ಕಾಯಿಲೆಯವರು ಮುದ್ದೆಯನ್ನು ಲೆಕ್ಕವಿಲ್ಲದೆ ಉಣ್ಣಬಹುದೆಂಬುದು ತಪ್ಪು. ಮುದ್ದೆಯ ಪಿಷ್ಟವೂ ಕೊನೆಗೆ ಗ್ಲೂಕೋಸೇ. ಮುದ್ದೆ ಚಿಕ್ಕದಾಗಲಿ, ಕಾಳು ಮತ್ತು ಸೊಪ್ಪು ಹೆಚ್ಚಲಿ.

• ಮದ್ಯದ ಬಹುಭಾಗ ಸಣ್ಣ ಕರುಳಿನಿಂದಲೇ ರಕ್ತಕ್ಕೆ ಸೇರುತ್ತದೆ, ಅದನ್ನು ಒಡೆಯುವ ಹೊರೆ ಯಕೃತ್ತಿನದು. ಯಕೃತ್ತು ಕೆಡುವಾಗ ಬಹಳ ಕಾಲ ನೋವಿನ ಸುಳಿವನ್ನೇ ಕೊಡುವುದಿಲ್ಲ. ಕಣ್ಣು ಹಳದಿಯಾಗುವವರೆಗೆ ಕಾಯಬೇಡಿ.

ಭೇದಿ ಹತ್ತಿದಾಗ

ನಾವು ಕುಡಿದ ನೀರು ಮತ್ತು ಜೀರ್ಣರಸಗಳು ಸೇರಿ ದಿನಕ್ಕೆ ಸುಮಾರು 9 ಲೀಟರ್ ದ್ರವ ಸಣ್ಣ ಕರುಳಿಗೆ ಬರುತ್ತದೆ. ಅದರಲ್ಲಿ ಹೆಚ್ಚಿನದನ್ನು ಕರುಳು ಮರಳಿ ಹೀರಿಕೊಳ್ಳುತ್ತದೆ. ಮಲದಲ್ಲಿ ಹೋಗುವುದು 100ರಿಂದ 200 ಮಿಲಿಲೀಟರ್ ಮಾತ್ರ. ಸೋಂಕು ತಗುಲಿ ಈ ಲೆಕ್ಕ ತಪ್ಪಿದಾಗ ಭೇದಿ. ಅದರಲ್ಲಿ ಜೀವ ತೆಗೆಯುವುದು ಹೆಚ್ಚಾಗಿ ನೀರು, ಉಪ್ಪಿನ ನಷ್ಟ.

ಸಣ್ಣ ಕರುಳಿನ ಗೋಡೆಯಲ್ಲಿ ಸಕ್ಕರೆ ಮತ್ತು ಉಪ್ಪನ್ನು ಜೋಡಿಯಾಗಿ ಒಳಗೆಳೆಯುವ ವ್ಯವಸ್ಥೆಯಿದೆ, ಅವುಗಳ ಹಿಂದೆ ನೀರೂ ಬರುತ್ತದೆ. ಭೇದಿಯ ನಡುವೆಯೂ ಈ ವ್ಯವಸ್ಥೆ ಕೆಲಸ ನಿಲ್ಲಿಸುವುದಿಲ್ಲ. ಓಆರ್‌ಎಸ್ ನಿಂತಿರುವುದು ಇದರ ಮೇಲೆ. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ಸಲೈನ್ ಬಾಟಲಿಗಳು ಮುಗಿದಾಗ, ಡಾ. ದಿಲೀಪ್ ಮಹಲನಬಿಸ್ ಉಪ್ಪು, ಗ್ಲೂಕೋಸ್ ಬೆರೆಸಿದ ನೀರನ್ನು ಬಾಯಿಂದಲೇ ಕುಡಿಸಿದರು. ಶೇ 30ರ ಸುಮಾರಿಗೆ ಇದ್ದ ಸಾವು ಶೇ 4ಕ್ಕಿಂತ ಕೆಳಗಿಳಿಯಿತು.

ಮನೆಯಲ್ಲಿ ಓಆರ್‌ಎಸ್ ಪೊಟ್ಟಣ ಸದಾ ಇರಲಿ. ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಬೆರೆಸಿ. ಇಲ್ಲದಿದ್ದರೆ ಕುದಿಸಿ ಆರಿಸಿದ 1 ಲೀಟರ್ ನೀರಿಗೆ ಮಟ್ಟ ಮಾಡಿದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಅಪಾಯ, ಅಳತೆ ಮೀರಬೇಡಿ. ಕಲಸಿದ್ದು 24 ಗಂಟೆ ಕಳೆದರೆ ಚೆಲ್ಲಿ. ವಾಂತಿಯಾದರೂ ಚಮಚದಲ್ಲಿ ಸ್ವಲ್ಪಸ್ವಲ್ಪ ಕುಡಿಸುತ್ತಿರಿ. ಮೊಲೆಹಾಲು, ಊಟ ನಿಲ್ಲಿಸಬೇಡಿ. ಆರು ತಿಂಗಳು ದಾಟಿದ ಮಕ್ಕಳಿಗೆ ಆಶಾ ಕಾರ್ಯಕರ್ತೆಯರು ಕೊಡುವ 20 ಮಿಲಿಗ್ರಾಂ ಜಿಂಕ್ ಮಾತ್ರೆಯನ್ನು ಭೇದಿ ನಿಂತ ಮೇಲೂ ಸೇರಿ ಒಟ್ಟು 14 ದಿನ ಕೊಡಿ.

ರಾತ್ರಿಯಿಂದ ನಾಳೆ, ನಾಡಿದ್ದು: ದೊಡ್ಡ ಕರುಳು

ಒಂದೂವರೆ ಮೀಟರ್ ಉದ್ದದ ದೊಡ್ಡ ಕರುಳಿನಲ್ಲಿ ಊಟ ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತದೆ: ಅರ್ಧ ದಿನದಿಂದ ಎರಡು ದಿನ, ಕೆಲವರಲ್ಲಿ ಇನ್ನೂ ಹೆಚ್ಚು. ಉಳಿದ ನೀರನ್ನು ಇಲ್ಲಿ ಹೀರಲಾಗುತ್ತದೆ. ಇಲ್ಲಿ ವಾಸವಾಗಿರುವ ಲಕ್ಷಾಂತರ ಕೋಟಿ ಬ್ಯಾಕ್ಟೀರಿಯಾಗಳು ನಮಗೆ ಜೀರ್ಣವಾಗದ ನಾರನ್ನು ತಿಂದು, ಕರುಳಿನ ಗೋಡೆಗೆ ಆಹಾರವಾಗುವ ಆಮ್ಲಗಳನ್ನೂ ವಿಟಮಿನ್ ಕೆಯಂಥ ಅಂಶಗಳನ್ನೂ ತಯಾರಿಸುತ್ತವೆ.

ಹುರುಳಿ ಸಾರು ಉಂಡ ಸಂಜೆ ಹೊಟ್ಟೆ ಗುಡುಗುಟ್ಟುವುದಕ್ಕೆ ಕಾರಣವೂ ಇಲ್ಲಿದೆ. ಕಾಳುಗಳಲ್ಲಿ ರಾಫಿನೋಸ್, ಸ್ಟ್ಯಾಕಿಯೋಸ್ ಎಂಬ ಸಕ್ಕರೆಗಳಿವೆ. ಅವನ್ನು ಒಡೆಯುವ ಕಿಣ್ವ ಮನುಷ್ಯರ ಸಣ್ಣ ಕರುಳಿನಲ್ಲಿಲ್ಲ. ಹಾಗೇ ದಾಟಿ ಬಂದದ್ದನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಹುದುಗಿಸಿದಾಗ ಗಾಳಿ ಹುಟ್ಟುತ್ತದೆ. ಜಠರದ ಆಮ್ಲಕ್ಕೂ ಈ ಗಾಳಿಗೂ ಸಂಬಂಧವಿಲ್ಲ. ಇದಕ್ಕೆ ಆಮ್ಲ ತಗ್ಗಿಸುವ ಮಾತ್ರೆ ನುಂಗುವುದು ಹುಣ್ಣಿಲ್ಲದ ಕಡೆ ಮುಲಾಮು ಹಚ್ಚುವ ಕೆಲಸ. ಕಾಳನ್ನು ರಾತ್ರಿಯಿಡೀ ನೆನೆಸಿ, ನೆನೆಸಿದ ನೀರು ಚೆಲ್ಲಿ, ಬೇರೆ ನೀರಲ್ಲಿ ಮೆತ್ತಗೆ ಬೇಯಿಸಿ. ಮೊಳಕೆ ಬರಿಸಿದರೆ ಆ ಸಕ್ಕರೆಗಳು ಇನ್ನಷ್ಟು ಕಡಿಮೆಯಾಗುತ್ತವೆ; ಮೊಳಕೆ ಹುರುಳಿ ಸಾರು ಹೊಟ್ಟೆಗೆ ಹಗುರವಾಗಿರುವುದು ಅದರಿಂದ. ದಿನಕ್ಕೆ ಹತ್ತಿಪ್ಪತ್ತು ಬಾರಿ ಗಾಳಿ ಹೋಗುವುದು ರೋಗವಲ್ಲ.

ಕರುಳಿನ ವೇಗವನ್ನು ನೀವೇ ಅಳೆಯಬಹುದು. ಬೇಯಿಸಿದ ಮುಸುಕಿನ ಜೋಳದ ಒಂದು ತೆನೆ ತಿಂದು ಹೊತ್ತು ಗುರುತು ಹಾಕಿಕೊಳ್ಳಿ. ಕಾಳಿನ ಹೊರಸಿಪ್ಪೆ ಜೀರ್ಣವಾಗದೆ ಮಲದಲ್ಲಿ ಕಾಣುತ್ತದೆ. ಅರ್ಧ ದಿನದಿಂದ ಎರಡು ದಿನದೊಳಗೆ ಕಂಡರೆ ಕರುಳು ಹದವಾಗಿ ನಡೆಯುತ್ತಿದೆ. ಮೂರು ದಿನ ಮೀರಿದರೆ ನಾರು, ನೀರು, ನಡಿಗೆ ಮೂರೂ ಹೆಚ್ಚಬೇಕು. ಹತ್ತು ವರ್ಷ ಮೇಲ್ಪಟ್ಟವರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು, 400 ಗ್ರಾಂ ತರಕಾರಿ ಹಣ್ಣು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಾರನ್ನು ಒಮ್ಮೆಲೇ ಏರಿಸದೆ ವಾರಗಳಲ್ಲಿ ನಿಧಾನವಾಗಿ ಹೆಚ್ಚಿಸಿ.

ಎರಡನೆಯ ತುದಿ

ಮಲ ಕೊನೆಯ ಭಾಗಕ್ಕೆ ಬಂದಾಗ ಕರೆ ಬರುತ್ತದೆ. ಬೆಳಿಗ್ಗೆ ಎದ್ದಾಗ, ಏನಾದರೂ ತಿಂದ ಅಥವಾ ಕಾಫಿ ಕುಡಿದ ಮೇಲೆ ದೊಡ್ಡ ಕರುಳು ಬಲವಾಗಿ ಹಿಂಡುವುದರಿಂದ ಆ ಹೊತ್ತಿಗೆ ಕರೆ ಸಹಜ. ಶಾಲೆಯ ಬಸ್ಸಿಗೆ, ಕೂಲಿಯ ಹೊತ್ತಿಗೆ ಅವಸರವೆಂದು ಅದನ್ನು ತಡೆದರೆ ಮಲ ಹಿಂದಕ್ಕೆ ಸರಿದು, ಇನ್ನಷ್ಟು ನೀರು ಹೀರಲ್ಪಟ್ಟು ಗಟ್ಟಿಯಾಗುತ್ತದೆ. ದಿನವೂ ಹೀಗಾದರೆ ಕರೆಯೇ ಮಂಕಾಗುತ್ತದೆ. ಮಲಬದ್ಧತೆ, ಮೂಲವ್ಯಾಧಿ, ಗುದದ ಬಿರುಕುಗಳಿಗೆ ಇದು ದೊಡ್ಡ ದಾರಿ. ಬೆಳಗಿನ ಹೊತ್ತಿನಲ್ಲಿ ಹದಿನೈದು ನಿಮಿಷವನ್ನು ಇದಕ್ಕೆಂದೇ ಬಿಡಿ, ಮಕ್ಕಳಿಗೂ ಬಿಡಿಸಿ.

ಕುಕ್ಕರಗಾಲಲ್ಲಿ ಕೂತಾಗ ಮಲದ್ವಾರದ ಬಾಗು ನೇರವಾಗಿ ತಿಣುಕುವುದು ತಪ್ಪುತ್ತದೆ. ಮಂಡಿನೋವಿಗೆ ಕಮೋಡ್ ಬಳಸುವ ಹಿರಿಯರು ಪಾದದ ಕೆಳಗೆ ಗಿಡ್ಡ ಮಣೆ ಇಟ್ಟುಕೊಂಡರೆ ಇದೇ ಅನುಕೂಲ ಸಿಗುತ್ತದೆ. ದಿನಕ್ಕೆ ಮೂರು ಬಾರಿಯಿಂದ ವಾರಕ್ಕೆ ಮೂರು ಬಾರಿಯವರೆಗೆ ಎಲ್ಲವೂ ಸಹಜವೇ. ದಿನಕ್ಕೊಮ್ಮೆ ಆಗಲಿಲ್ಲವೆಂದು ಭೇದಿಮಾತ್ರೆಗೆ ಒಗ್ಗಿಕೊಳ್ಳಬೇಡಿ.

ಈ ಸೀಮೆಯ ಅಡುಗೆಗೆ ಮೂರು ಎಚ್ಚರ

ಹಂದಿಮಾಂಸವನ್ನು ಒಳಗಿನ ಕೆಂಪು ಪೂರ್ತಿ ಹೋಗುವಂತೆ ಬೇಯಿಸಿ. ಅರೆಬೆಂದ ಮಾಂಸದಿಂದ ಲಾಡಿಹುಳು ಕರುಳಿಗೆ ಸೇರುತ್ತದೆ. ಅದರ ಮೊಟ್ಟೆಗಳು ಕೊಳಕು ಕೈ, ತೊಳೆಯದ ಸೊಪ್ಪಿನ ಮೂಲಕ ಯಾರ ಹೊಟ್ಟೆಗೆ ಹೋದರೂ ಅವುಗಳಿಂದ ಹೊರಬಂದ ಮರಿಹುಳುಗಳು ಮಿದುಳು ತಲುಪಿ ಫಿಟ್ಸ್ ಬರಿಸಬಲ್ಲವು. ಮಾಂಸ ತಿನ್ನದವರಿಗೂ ಈ ಅಪಾಯವಿದೆ, ಆದ್ದರಿಂದ ಕೈತೊಳೆಯುವುದು ಎಲ್ಲರ ಕೆಲಸ.

ಮಳೆಗಾಲದ ಕಣಿಲೆಯಲ್ಲಿ ಸಯನೈಡ್ ಬಿಡುವ ಅಂಶವಿದೆ. ಹೆಚ್ಚಿ, ಎರಡು ಮೂರು ದಿನ ದಿನವೂ ನೀರು ಬದಲಿಸುತ್ತಾ ನೆನೆಸಿಟ್ಟು, ಆಮೇಲೆ ಚೆನ್ನಾಗಿ ಬೇಯಿಸುವ ಹಳೆಯ ಪದ್ಧತಿ ಅದನ್ನು ತೆಗೆಯುತ್ತದೆ. ಅವಸರಕ್ಕೆ ಆ ಹೆಜ್ಜೆ ಬಿಡಬೇಡಿ.

ಮಕ್ಕಳ ಜಂತುಹುಳುವಿಗೆ ಶಾಲೆ, ಅಂಗನವಾಡಿಗಳಲ್ಲಿ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಅಲ್ಬೆಂಡಜೋಲ್ ಮಾತ್ರೆ ಕೊಡುತ್ತಾರೆ. 1ರಿಂದ 19 ವರ್ಷದವರಿಗೆ ತಪ್ಪಿಸಬೇಡಿ.

ಇವು ಕಂಡರೆ ಕಾಯಬೇಡಿ

• ಹೊಕ್ಕುಳ ಸುತ್ತ ಶುರುವಾಗಿ ಬಲಗಡೆ ಕೆಳಹೊಟ್ಟೆಗೆ ಜಾರಿದ ನೋವು, ಜ್ವರ, ವಾಂತಿ: ಅಪೆಂಡಿಕ್ಸ್ ಇರಬಹುದು. ಭೇದಿಮಾತ್ರೆ ಕೊಡಬೇಡಿ.

• ಎಣ್ಣೆಯೂಟದ ಬಳಿಕ ಬಲಪಕ್ಕೆಲುಬಿನ ಕೆಳಗೆ ಪದೇಪದೇ ತೀವ್ರ ನೋವು: ಪಿತ್ತಕೋಶದ ಕಲ್ಲು ಇರಬಹುದು.

• ಡಾಂಬರಿನಂತೆ ಕಪ್ಪಾಗಿ ಅಂಟುವ ಮಲ, ರಕ್ತವಾಂತಿ, ಮಲದಲ್ಲಿ ರಕ್ತ. ಕಬ್ಬಿಣದ ಮಾತ್ರೆಯೂ ಮಲವನ್ನು ಕಪ್ಪಾಗಿಸುತ್ತದೆ. ಆದರೂ ಸಂಶಯ ಬಂದರೆ ತೋರಿಸಿ. ರಕ್ತವನ್ನು ಮೂಲವ್ಯಾಧಿಯೆಂದು ನೀವೇ ತೀರ್ಮಾನಿಸಬೇಡಿ.

• ಬೂದಿಬಣ್ಣದ ಮಲ, ಹಳದಿ ಕಣ್ಣು.

• ನುಂಗಲು ದಿನದಿನಕ್ಕೆ ಕಷ್ಟ, ಕಾರಣವಿಲ್ಲದೆ ತೂಕ ಇಳಿಕೆ, 45 ದಾಟಿದ ಮೇಲೆ ಶೌಚದ ಅಭ್ಯಾಸದಲ್ಲಿ ವಾರಗಟ್ಟಲೆ ಬದಲಾವಣೆ.

• ಭೇದಿಯಾದ ಮಗು ಮಂಕಾಗಿ, ಕಣ್ಣು ಗುಳಿಬಿದ್ದು, ಕುಡಿಯಲಾಗದೆ, ಮೂತ್ರ ನಿಂತಿರುವುದು.

ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ. ಅಲ್ಲಿಂದ ಕುಶಾಲನಗರದ ಆಸ್ಪತ್ರೆ, ಹೆಚ್ಚಿನ ತಪಾಸಣೆಗೆ ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಗೆ ಹೋಗಬಹುದು. ಹೋಗುವಾಗ ನೋವು ಎಲ್ಲಿ, ಉಂಡ ಎಷ್ಟು ಹೊತ್ತಿಗೆ, ಮಲದ ಬಣ್ಣವೇನು, ಯಾವ ಮಾತ್ರೆ ನುಂಗಿದ್ದೀರಿ ಎಂಬುದನ್ನು ಹೇಳಿ. ಉಂಡ ಅರ್ಧ ಗಂಟೆಗೆ ಬರುವ ಉರಿ, ಮೂರು ಗಂಟೆಗೆ ಬರುವ ನೋವು, ರಾತ್ರಿ ಬರುವ ಉಬ್ಬರ ಬೇರೆಬೇರೆ ಅಂಗಗಳ ಮಾತು ಇರಬಹುದು. ಆ ಹೊತ್ತಿನ ಲೆಕ್ಕ ವೈದ್ಯರ ಅರ್ಧ ಕೆಲಸವನ್ನು ಹಗುರ ಮಾಡುತ್ತದೆ.

ಇಷ್ಟನ್ನೂ ನೆನಪಿಡಲಾಗದಿದ್ದರೆ ನಾಳೆಯಿಂದ ಎರಡನ್ನು ಹಿಡಿಯಿರಿ. ಮುದ್ದೆಯ ಜತೆಗಿನ ಕಾಳು, ಪಲ್ಯ, ಮಾಂಸವನ್ನು ನುಣ್ಣಗಾಗುವವರೆಗೆ ಅಗಿಯಿರಿ. ಬೆಳಿಗ್ಗೆ ಕರೆ ಬಂದಾಗ ಬೇರೆ ಕೆಲಸ ಬಿಟ್ಟು ಏಳಿರಿ. ಮಾತ್ರೆಯ ಖರ್ಚು ಕಡಿಮೆ ಮಾಡುವ ದಾರಿ ಇಲ್ಲಿಂದಲೇ ತೊಡಗುತ್ತದೆ.